ಸುಟ್ಟ ಮೋಟಾರು

ಮೋಟಾರು ಸುಟ್ಟಿದೆ ಅಂತ ಮೆಕ್ಯಾನಿಕ್ ಹೇಳಿ ಮುಗಿಸುವ ಮೊದಲೇ ನಾನು ಅದನ್ನು ನನಗೆ ಕೊಡಿ ಅಂತ ಕೇಳಿಬಿಟ್ಟೆ. ಎರಡು ನಿಮಿಷ ಬಾಯಿ ಮುಚ್ಚಿಕೊಂಡಿದ್ದರೆ ಆ ತಿಂಗಳು ನಮ್ಮ ಮನೆಯಲ್ಲಿ ಆದದ್ದರಲ್ಲಿ ಅರ್ಧ ಆಗುತ್ತಿರಲಿಲ್ಲ.

ಬಚ್ಚಲಿನಲ್ಲಿ ಕಾಲಿಡಲು ಜಾಗವಿರಲಿಲ್ಲ. ಅತ್ತಿಗೆಯ ವಾಷಿಂಗ್ ಮೆಷಿನ್ನು ಬೆನ್ನು ಬಿಚ್ಚಿಸಿಕೊಂಡು ನಿಂತಿತ್ತು. ಮದುವೆಗೆ ಮುಂಚೆ ಅವಳು ಹೊಲಿಗೆ ದುಡ್ಡಿನಲ್ಲಿ ಕೊಂಡದ್ದು ಅದು. ಈ ಮನೆಗೆ ಅವಳ ಜೊತೆ ಬಂದದ್ದು. ಮೆಕ್ಯಾನಿಕ್ ಸ್ವಿಚ್ ಒತ್ತಿದ. ಮೆಷಿನ್ನು ಹ್ಞೂಂ ಅಂತ ನರಳಿತು, ತಿರುಗಲಿಲ್ಲ. ಅವನು ಬಗ್ಗಿ ಮೂಸಿ ನೋಡಿ, ಸುಟ್ಟಿದೆ, ಇದಕ್ಕೆ ಹೊಸ ಮೋಟಾರು ಹಾಕಿಸುವ ಬದಲು ಹೊಸ ಮೆಷಿನ್ನೇ ತಗೊಳ್ಳಿ ಅಂದ.

"ಹಾಗಾದ್ರೆ ಆ ಮೋಟಾರು ನನಗೆ ಕೊಡಿ" ಅಂದೆ.

ಅತ್ತಿಗೆ ಮೆಕ್ಯಾನಿಕ್ ಕಡೆ ನೋಡಲಿಲ್ಲ. ನನ್ನ ಕಡೆ ತಿರುಗಿದಳು. "ಸುಟ್ಟ ಮೋಟಾರು ನಿನಗ್ಯಾಕೆ?"

ನನ್ನ ಹತ್ತಿರ ಉತ್ತರ ಸಿದ್ಧವಿತ್ತು. ಅದೂ ತಪ್ಪಾಯಿತು. ನಾನು ಒಂಬತ್ತನೇ ಕ್ಲಾಸಿಗೆ ಶಾಲೆ ಬಿಟ್ಟು ಪೀಠೋಪಕರಣದ ಅಂಗಡಿ ಸೇರಿದವನು. ಎಂಟು ವರ್ಷದಿಂದ ನನ್ನ ಕೆಲಸ ಒಂದೇ: ಸ್ಯಾಂಡ್ ಪೇಪರ್ ಹಿಡಿದು ಕುರ್ಚಿಯ ಕಾಲು, ಮೇಜಿನ ಅಂಚು ಉಜ್ಜುವುದು. ಮೇಸ್ತ್ರಿ ನನ್ನನ್ನು ಉಜ್ಜಪ್ಪ ಅಂತಲೇ ಕರೆಯುವುದು. ಅಂಗಡಿಯಲ್ಲಿ ಉಜ್ಜುವ ಮೆಷಿನ್ನು ಒಂದಿದೆ, ತಿರುಗುವ ತಟ್ಟೆಗೆ ಸ್ಯಾಂಡ್ ಪೇಪರ್ ಅಂಟಿಸಿದ್ದು. ಅದನ್ನು ಮುಟ್ಟಲು ಬಿಡುವುದಿಲ್ಲ. ಕೇಳಿದರೆ, "ಅದಕ್ಕೆ ಕರೆಂಟು ಬೇಕು, ನಿನಗೆ ಚಹಾ ಸಾಕು" ಅನ್ನುತ್ತಾನೆ. ಅಂಥದೊಂದನ್ನು ನಾನೇ ಮಾಡಿಕೊಂಡು ಮನೆಯ ಹಿತ್ತಿಲಿನಲ್ಲಿ ಸಣ್ಣಪುಟ್ಟ ಮರದ ಸಾಮಾನು ಮಾಡಿ ಮಾರಬೇಕು ಅಂತ ಎರಡು ವರ್ಷದಿಂದ ಲೆಕ್ಕ ಹಾಕುತ್ತಿದ್ದೆ. ಬೇಕಾಗಿದ್ದದ್ದು ಮೋಟಾರು. ಸುಟ್ಟಿದ್ದರೂ ಒಳಗಿನ ತಾಮ್ರದ ತಂತಿ ಹೊಸದಾಗಿ ಸುತ್ತಿಸಿದರೆ ಓಡುತ್ತದೆ, ಬಸ್ ಸ್ಟ್ಯಾಂಡ್ ಹಿಂದೆ ಸುತ್ತುವವನೊಬ್ಬನಿದ್ದಾನೆ. ಇಷ್ಟನ್ನೂ ಒಂದೇ ಉಸಿರಿಗೆ ಹೇಳಿದೆ.

ಅಣ್ಣ ಟವೆಲ್ಲು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತಿದ್ದ. "ನೋಡಿದ್ಯಾ, ಎಲ್ಲಾ ಮೊದಲೇ ಯೋಚನೆ ಮಾಡಿಟ್ಟಿದ್ದಾನೆ" ಅಂದ, ಹೆಂಡತಿಗೆ.

ಅಪ್ಪ ತೀರಿಕೊಂಡ ವರ್ಷ ಅಣ್ಣ ಓದಲಿ ಅಂತ ನಾನು ದುಡಿಯಲು ಹೋದೆ. ಅವನು ಓದಿದ, ಇನ್ಶೂರೆನ್ಸ್ ಆಫೀಸಿನಲ್ಲಿ ಕುರ್ಚಿ ಹಿಡಿದ. ಅಲ್ಲಿ ಅವನ ಕೆಲಸ ಜನ ತಂದುಕೊಟ್ಟ ಕಾಗದದಲ್ಲಿ ಸುಳ್ಳು ಹುಡುಕುವುದು. ಸಂಜೆ ಮನೆಗೆ ಬಂದ ಮೇಲೂ ಅವನ ಕಣ್ಣಿಗೆ ರಜೆ ಇರುವುದಿಲ್ಲ.

ಅತ್ತಿಗೆ, "ಮೋಟಾರು ತಗೊಂಡು ಹೋಗು. ಡಬ್ಬ ಮಾತ್ರ ಗುಜರಿಗೆ ಹಾಕಬೇಡ. ಅದು ನಂದು" ಅಂದಳು. ಮೋಟಾರಿಲ್ಲದ ಮೆಷಿನ್ನು ಬಚ್ಚಲಿನ ಮೂಲೆಯಲ್ಲೇ ಉಳಿಯಿತು. ಅದರ ಮೇಲೆ ಬಕೆಟ್ಟು ಮಗುಚಿಟ್ಟರು.

ಮಾರನೆಯ ದಿನದಿಂದ ಐದು ಜನರ ಬಟ್ಟೆ ಕಲ್ಲಿಗೆ ಬಂತು. ಅಜ್ಜಿಯ ಹಾಸಿಗೆಯ ಹೊದಿಕೆ ದಿನವೂ ಒಗೆಯಬೇಕು; ವಯಸ್ಸು, ಅವಳ ತಪ್ಪಲ್ಲ. ಅಮ್ಮ ಬೆಳಗಿನ ಜಾವಕ್ಕೇ ಒಂದು ಕ್ಯಾಂಟೀನಿಗೆ ತರಕಾರಿ ಹೆಚ್ಚಲು ಹೋಗುವವಳು. ಹಾಗಾಗಿ ಕಲ್ಲಿನ ಮುಂದೆ ಕೂರುವವಳು ಅತ್ತಿಗೆಯೇ. ಅಮ್ಮನಿಗೆ ಪಾಪ ಅನ್ನಿಸಲಿಲ್ಲ. ನಾಲ್ಕು ರಗ್ಗು ಒಟ್ಟಿಗೆ ತುರುಕಿದ್ದರಿಂದಲೇ ಮೆಷಿನ್ನು ಹೋಯಿತು ಅಂತ ಅವಳ ತೀರ್ಮಾನ. ಅದನ್ನು ಅತ್ತಿಗೆಗೆ ನೇರ ಹೇಳದೆ, ಅಜ್ಜಿಗೆ ಗಟ್ಟಿಯಾಗಿ ಹೇಳುತ್ತಿದ್ದಳು. ಅಜ್ಜಿಗೆ ಕಿವಿ ಚೆನ್ನಾಗಿಯೇ ಕೇಳುತ್ತದೆ.

ನಾನು ಹಿತ್ತಿಲಿನಲ್ಲಿ ಸುತ್ತಲೂ ತಗಡು ಹೊಡೆದ ಚಪ್ಪರದಲ್ಲಿ ಕೆಲಸ ಹಿಡಿದೆ. ದಪ್ಪನೆಯ ಹಲಗೆಯ ಮೇಲೆ ಮೋಟಾರು ಕೂರಿಸಿ ನಾಲ್ಕು ಬೋಲ್ಟು ಬಿಗಿದೆ. ಎರಡು ಪ್ಲೈವುಡ್ ತುಂಡು ಒಂದಕ್ಕೊಂದು ಅಂಟಿಸಿ, ಊಟದ ತಟ್ಟೆಯಷ್ಟು ಅಗಲ ದುಂಡಗೆ ಕತ್ತರಿಸಿ, ಮೋಟಾರಿನ ಗಾಲಿಗೆ ತಿರುಪು ಹಾಕಿ ಕೂರಿಸಿದೆ. ಮುಖಕ್ಕೆ ಸ್ಯಾಂಡ್ ಪೇಪರ್ ಅಂಟಿಸಿದೆ. ಅದರ ಮುಂದೆ ಮರದ ತುಂಡು ಇಡಲು ಒಂದು ಪುಟ್ಟ ಮೇಜು. ಸುತ್ತುವವನ ಹತ್ತಿರ ಒಯ್ಯುವ ಮುಂಚೆ ಇನ್ನೂ ಜೀವ ಎಷ್ಟಿದೆ ನೋಡೋಣ ಅಂತ ಒಂದು ಭಾನುವಾರ ಮಧ್ಯಾಹ್ನ ಸ್ವಿಚ್ ಹಾಕಿದೆ.

ಹ್ಞೂಂ ಅಂತ ನರಳಿತು. ಬಚ್ಚಲಿನಲ್ಲಿ ನರಳಿದ ಹಾಗೇ. ಸಿಟ್ಟು ನೆತ್ತಿಗೇರಿ ತಟ್ಟೆಯ ಅಂಚಿಗೆ ಒಂದು ಏಟು ಕೊಟ್ಟೆ. ತಟ್ಟೆ ಅರ್ಧ ಸುತ್ತು ತಿರುಗಿತು, ಆಮೇಲೆ ಒಂದು, ಆಮೇಲೆ ಎಣಿಸಲಾಗಲಿಲ್ಲ. ಗಾಳಿ ಮುಖಕ್ಕೆ ಬಡಿಯುವಷ್ಟು ಜೋರಾಗಿ ಓಡಿತು.

ಸುಟ್ಟ ಮೋಟಾರು ಏಟು ತಿಂದು ಓಡುವುದಿಲ್ಲ. ಎಲೆಕ್ಟ್ರಿಕ್ ಅಂಗಡಿಗೆ ಹೋಗಿ ಕೇಳಿದೆ. ಅಂಗಡಿಯವನು ತಲೆ ಎತ್ತದೆಯೇ ಡ್ರಾಯರಿನಿಂದ ಹೆಬ್ಬೆರಳು ದಪ್ಪದ ಒಂದು ಡಬ್ಬಿ ತೆಗೆದಿಟ್ಟ. ಕಂಡೆನ್ಸರ್. ಫ್ಯಾನಿಗೆ ಹಾಕುತ್ತಾರಲ್ಲ, ಅದೇ ಜಾತಿ. ಮೋಟಾರಿಗೆ ಮೊದಲ ತಳ್ಳು ಕೊಡುವುದು ಅದು. "ವಾಷಿಂಗ್ ಮೆಷಿನ್ನಿಂದು ತಾನೆ?" ಅಂದ. "ಮೋಟಾರಿಗೆ ಏನೂ ಆಗಿಲ್ಲ. ಇದೊಂದು ಹಾಕಿದ್ದಿದ್ರೆ ಅಲ್ಲೇ ಬಟ್ಟೆ ಒಗೀತಿತ್ತಲ್ಲಪ್ಪ."

ದಾರಿಯುದ್ದಕ್ಕೂ ಮಾತು ಜೋಡಿಸಿಕೊಂಡು ಬಂದೆ. ಅತ್ತಿಗೆ, ನಿಮ್ಮ ಮೆಷಿನ್ನು ಹೋಗಿಲ್ಲ. ಆ ಮೆಕ್ಯಾನಿಕ್ ಒಬ್ಬ ದಡ್ಡ. ಸಂಜೆಯೊಳಗೆ ಹಾಕಿಕೊಡ್ತೀನಿ. ಇಷ್ಟೇ. ಮೆಟ್ಟಿಲ ಮೇಲೆ ಅಣ್ಣ ಪೇಪರು ಹಿಡಿದು ಕೂತಿದ್ದ. ಪೇಪರು ಇಳಿಸಲಿಲ್ಲ.

"ಆ ಮೆಕ್ಯಾನಿಕ್ಕಿಗೆ ಎಷ್ಟು ಕೊಟ್ಟೆ?"

"ಏನು?"

"ಸುಟ್ಟಿದೆ ಅಂತ ಹೇಳೋದಕ್ಕೆ. ನಿಮ್ಮ ಅಂಗಡಿ ಮುಂದೆ ಅವನು ಚಹಾ ಕುಡೀತಾ ನಿಂತಿದ್ದು ನಾನೇ ನೋಡಿದೀನಿ. ನಿನ್ನ ಜೊತೆ."

ಆ ಚಹಾದ ಗಾಡಿಯಲ್ಲಿ ಅರ್ಧ ಊರು ಚಹಾ ಕುಡಿಯುತ್ತದೆ. ಅದನ್ನು ಹೇಳಬಹುದಿತ್ತು. ಅಣ್ಣನ ಹಿಂದೆ ಬಾಗಿಲಲ್ಲಿ ಅತ್ತಿಗೆ ನಿಂತಿದ್ದಳು; ಅವಳು ಕೂಡ ನನ್ನ ಉತ್ತರಕ್ಕೆ ಕಾಯುತ್ತಿದ್ದಳು. ನಾಲಿಗೆ ತುದಿಯವರೆಗೆ ಬಂದ ಮಾತು ಹಿಂದಕ್ಕೆ ಹೋಯಿತು. ಈಗ ಮೋಟಾರು ಸರಿಯಿದೆ ಅಂದರೆ ಅಣ್ಣ ಗೆದ್ದ ಹಾಗೆ. ನಾನು ಮಾಡದ ಕಳ್ಳತನಕ್ಕೆ ನಾನೇ ಸಾಕ್ಷಿ ತಂದುಕೊಟ್ಟ ಹಾಗೆ. ಜೇಬಿನಲ್ಲಿದ್ದ ಡಬ್ಬಿಯ ಮೇಲೆ ಕೈಯಿಟ್ಟುಕೊಂಡು ಹಿತ್ತಿಲಿಗೆ ಹೋದೆ. ಅದನ್ನು ನನ್ನ ಮೆಷಿನ್ನಿಗೇ ಹಾಕಿದೆ.

ಆ ವಾರ ರಬ್ಬರ್ ಸ್ಟಾಂಪು ಮಾಡುವ ಅಂಗಡಿಯವನು ನಲವತ್ತು ಮರದ ಹಿಡಿ ಕೇಳಿದ. ಅಂಗೈಯಲ್ಲಿ ಕೂರುವಷ್ಟು ತುಂಡು, ಅಡಿ ಚಪ್ಪಟೆ, ಮೂಲೆ ದುಂಡಗೆ. ಎರಡು ದಿನದಲ್ಲಿ ಕೊಟ್ಟೆ. ಮೂರನೇ ದಿನ ನಲವತ್ತೂ ವಾಪಸು ಬಂದವು. ಅವನು ಒಂದಕ್ಕೆ ಯಾವುದೋ ಶಾಲೆಯ ಮುದ್ರೆ ಅಂಟಿಸಿ ಕಾಗದದ ಮೇಲೆ ಒತ್ತಿ ತೋರಿಸಿದ. ಮುಖ್ಯೋಪಾಧ್ಯಾಯರಲ್ಲಿ ಮುಖ್ಯ ಮಾತ್ರ ಬಿತ್ತು, ಉಪಾಧ್ಯಾಯರು ಬೀಳಲಿಲ್ಲ. ಅಡಿ ಓರೆಯಾಗಿತ್ತು.

ತಪ್ಪು ಎರಡು ಕಡೆ ಇತ್ತು. ತಟ್ಟೆ ತಿರುಗುವಾಗ ಕೂದಲೆಳೆಯಷ್ಟು ತೊನೆಯುತ್ತಿತ್ತು. ಮೇಜು ತಟ್ಟೆಗೆ ನೇರ ಮೂಲೆಯಲ್ಲಿರಲಿಲ್ಲ. ಸ್ಯಾಂಡ್ ಪೇಪರ್ ಕಿತ್ತೆ. ತಟ್ಟೆ ಓಡುತ್ತಿರುವಾಗಲೇ ಉಳಿಯನ್ನು ಮೇಜಿಗೆ ಒತ್ತಿ ಹಿಡಿದು ಅದರ ಮುಖವನ್ನು ಸಮ ಮಾಡಿದೆ. ಮೂಲೆಮಟ್ಟ ಇಟ್ಟು ಮೇಜಿನ ಕೆಳಗೆ ತೆಳ್ಳನೆ ತಗಡು ತುರುಕಿ ನೇರ ಮಾಡಿದೆ. ಮರವನ್ನು ತಟ್ಟೆ ಕೆಳಕ್ಕೆ ಇಳಿಯುವ ಬದಿಗೇ ಹಿಡಿಯಬೇಕು, ಆಗ ಅದೇ ತುಂಡನ್ನು ಮೇಜಿಗೆ ಒತ್ತುತ್ತದೆ. ಮೇಲಕ್ಕೇಳುವ ಬದಿಗೆ ಹಿಡಿದರೆ ತುಂಡು ಹಾರಿ ಹಣೆಗೆ ಬರುತ್ತದೆ. ಇದನ್ನು ಯಾರೂ ಹೇಳಿಕೊಡಲಿಲ್ಲ. ಹಣೆಯೇ ಹೇಳಿಕೊಟ್ಟಿತು.

ಎರಡನೇ ಸಲ ಕೊಟ್ಟ ನಲವತ್ತೂ ಗಾಜಿನ ಮೇಲೆ ಅಲುಗಾಡದೆ ಕೂತವು. ಸ್ಟಾಂಪಿನವನು ಮುನ್ನೂರು ಕೇಳಿದ. ಮೂವತ್ತನೇ ತಾರೀಖಿಗೆ ಕೊಟ್ಟರೆ ಪ್ರತಿ ತಿಂಗಳೂ ನಿನ್ನ ಹತ್ತಿರವೇ ಅಂದ. ಪ್ರತಿ ತಿಂಗಳು ಅಂದರೆ ಮೇಸ್ತ್ರಿಯ ಮುಖ ನೋಡಬೇಕಾಗಿಲ್ಲ. ಉಜ್ಜಪ್ಪ ಅಂತ ಕರೆಯಲು ಅವನು ಬೇರೆ ಯಾರನ್ನಾದರೂ ಹುಡುಕಿಕೊಳ್ಳಬೇಕು.

ಇತ್ತ ಮನೆಯಲ್ಲಿ ಧೂಳಿನ ಜಗಳ ಶುರುವಾಯಿತು. ಮರದ ಪುಡಿ ಚಪ್ಪರ ದಾಟಿ ಒಣಹಾಕಿದ ಬಟ್ಟೆಗೆ ಕೂರುತ್ತಿತ್ತು. ಒಗೆದದ್ದನ್ನೇ ಅತ್ತಿಗೆ ಮತ್ತೆ ಒಗೆದಳು, ಒಂದು ದಿನ, ಎರಡು ದಿನ. ಮೂರನೇ ದಿನ ಒದ್ದೆ ಹೊದಿಕೆಯನ್ನು ತಂದು ನನ್ನ ಮೆಷಿನ್ನಿನ ಮೇಲೆಯೇ ಹರವಿ ಹೋದಳು. ಅಮ್ಮ ನನ್ನ ಪರ ನಿಂತಳು, ಅದರಿಂದ ನನಗೇನೂ ಉಪಯೋಗವಾಗಲಿಲ್ಲ. ಗಂಡುಮಗ ದುಡಿಯುವಾಗ ಧೂಳು ಏಳುತ್ತೆ ಅಂದಳು. ಅತ್ತಿಗೆ, ಹೆಣ್ಣುಮಕ್ಕಳು ದುಡಿದರೆ ಏನೇಳುತ್ತೆ ಅತ್ತೆ, ನೀವೇ ಹೇಳಿ, ಅಂದಳು. ಆ ದಿನ ಬೇಳೆಗೆ ಉಪ್ಪು ಹಾಕಿರಲಿಲ್ಲ. ಯಾರು ಮರೆತದ್ದು ಅಂತ ಯಾರೂ ಕೇಳಲಿಲ್ಲ. ಎಲ್ಲರೂ ಹಾಗೇ ಉಂಡೆವು.

ಒಂದು ಸಂಜೆ ಕೆಲಸದಿಂದ ಬಂದು ನೋಡುತ್ತೇನೆ, ಮೋಟಾರಿನ ಬೋಲ್ಟಿಗೆ ಕೆಂಪು ರೇಷ್ಮೆಯ ಎಳೆಯೊಂದು ಸಿಕ್ಕಿಕೊಂಡಿತ್ತು. ಮನೆಯಲ್ಲಿ ರೇಷ್ಮೆಯ ಕೆಲಸ ಮಾಡುವವಳು ಅತ್ತಿಗೆ ಒಬ್ಬಳೇ. ದೊಡ್ಡ ಬಟ್ಟೆ ಅಂಗಡಿಯೊಂದರ ಉಡುಪುಗಳಿಗೆ ಅಂಚು ಮಡಿಸಿ ಕೈಯಲ್ಲಿ ಹೊಲಿದು ಕೊಡುತ್ತಾಳೆ. ಅಂದರೆ ನಾನಿಲ್ಲದಾಗ ಬಂದು ಬಗ್ಗಿ ನೋಡಿದ್ದಾಳೆ. ಮಾರನೇ ದಿನವೇ ಚಪ್ಪರದ ಬಾಗಿಲಿಗೆ ಬೀಗ ಹಾಕಿದೆ.

ಅಜ್ಜಿಗೆ ಬೀಗ ನೋಡಿ ನಗು ಬಂತು. ಮನೆಯೊಳಗಿನವರಿಗೆ ಬೀಗ ಹಾಕಿದವನನ್ನು ಇದೇ ಮೊದಲು ನೋಡುತ್ತಿರುವುದು, ನಿಮ್ಮ ತಾತನೂ ನನಗೆ ಹೆದರಿ ಪೆಟ್ಟಿಗೆಗೆ ಹಾಕುತ್ತಿದ್ದರೇ ಹೊರತು ಬಾಗಿಲಿಗೆ ಹಾಕಿರಲಿಲ್ಲ ಅಂದಳು. ಅದೇ ದಿನ ಊಟಕ್ಕೆ ಕೂತಾಗ, ಅನ್ನ ಕಲಸುತ್ತಾ ಕಲಸುತ್ತಾ, ಯಾರನ್ನೂ ನೋಡದೆ ಕೇಳಿದಳು.

"ಅಲ್ಲ ಮಗಾ, ಮೋಟಾರು ಸುಟ್ಟಿದೆ ಅಂದ್ರಲ್ಲ. ಮತ್ತೆ ಹಿತ್ತಿಲಲ್ಲಿ ದಿನಾ ಗುಂಯ್ ಅಂತ ತಿರುಗೋದು ಏನು?"

ಎರಡು ವಾರದಿಂದ ಆ ಸದ್ದು ಎಲ್ಲರ ಕಿವಿಗೂ ಬೀಳುತ್ತಿತ್ತು. ಆ ಪ್ರಶ್ನೆ ಕೇಳಿದವಳು ಇವಳೊಬ್ಬಳೇ. ಅಣ್ಣ ತುತ್ತು ಎತ್ತಿದವನು ಹಾಗೇ ನಿಲ್ಲಿಸಿದ.

"ತಂತಿ ಸುತ್ತಿಸಿದೆ" ಅಂದೆ.

ಅತ್ತಿಗೆಯ ಕೈಯಲ್ಲಿ ಸೌಟಿತ್ತು. "ಎಲ್ಲಿ?"

"ಬಸ್ ಸ್ಟ್ಯಾಂಡ್ ಹಿಂದೆ. ಅವತ್ತೇ ಹೇಳಿದ್ನಲ್ಲ."

"ಯಾವತ್ತು ಕೊಟ್ಟೆ?"

"ಹೋದ ವಾರದ ಹಿಂದಿನ ವಾರ. ಯಾಕೆ, ರಸೀದಿ ಬೇಕಾ?"

"ಬೇಡ" ಅಂದು ಅವಳು ನನ್ನ ತಟ್ಟೆಗೆ ಇನ್ನೊಂದು ಸೌಟು ಬೇಳೆ ಹಾಕಿದಳು. ಕೇಳದೆಯೇ ಹಾಕಿದಳು. ಆಗಲೇ ನನಗೆ ಅಂದಾಜಾಗಬೇಕಿತ್ತು.

ಎರಡು ದಿನ ಬಿಟ್ಟು ಅಂಗಡಿಗೆ ರಜೆ. ಬಾಗಿಲು ತೆರೆದುಕೊಂಡು ಹಿಡಿಗಳ ಮೂಲೆ ದುಂಡಗೆ ಮಾಡುತ್ತಿದ್ದೆ. ನೂರ ಎಪ್ಪತ್ತು ಮುಗಿದಿದ್ದವು. ಅತ್ತಿಗೆ ಒಂದು ಉಡುಪು ತೋಳಿನ ಮೇಲೆ ಹಾಕಿಕೊಂಡು ಬಂದು ಸ್ವಿಚ್ ಆರಿಸಿದಳು. ತಟ್ಟೆ ನಿಧಾನವಾಗಿ ನಿಂತಿತು.

"ಬಸ್ ಸ್ಟ್ಯಾಂಡ್ ಹಿಂದೆ ಹೋಗಿದ್ದೆ. ಸುತ್ತೋ ಅಂಗಡಿ ಮುಚ್ಚಿ ಎರಡು ತಿಂಗಳಾಯ್ತಂತೆ. ಅವನಿಗೆ ಆಪರೇಷನ್ ಆಗಿ ಮಗಳ ಮನೆಯಲ್ಲಿದಾನೆ. ಬಾಗಿಲ ಮುಂದೆ ಒಬ್ಬಳು ಹಣ್ಣು ಇಟ್ಕೊಂಡು ಕೂತಿದಾಳೆ."

ನಾನು ಕೈಯಲ್ಲಿದ್ದ ತುಂಡಿನ ಪುಡಿ ಊದಿದೆ. ಊದುವುದಕ್ಕೆ ಪುಡಿ ಏನೂ ಇರಲಿಲ್ಲ.

"ಈಗ ನಿಜ ಹೇಳು. ಏನಾಗಿತ್ತು ಇದಕ್ಕೆ?"

ಹೇಳಿದೆ. ಏಟು ಕೊಟ್ಟದ್ದು, ಅದು ಓಡಿದ್ದು, ಡಬ್ಬಿ. ಅಂಗಡಿಯವನು ಅಂದದ್ದನ್ನೂ ಹೇಳಿದೆ. ಅವಳು ಮೋಟಾರಿನ ಪಕ್ಕದಲ್ಲಿದ್ದ ಆ ಡಬ್ಬಿಯನ್ನು ಬೆರಳು ತೋರಿಸಿ, ಇದಾ ಅಂದಳು. ಹೌದು ಅಂದೆ.

"ಯಾವತ್ತು ಗೊತ್ತಾಯ್ತು?"

"ಮೋಟಾರು ತಗೊಂಡ ಎರಡನೇ ಭಾನುವಾರ."

ಅವಳು ಮನಸ್ಸಿನಲ್ಲೇ ಎಣಿಸಿದಳು. "ಹದಿನೆಂಟು ದಿನ. ಅಜ್ಜಿ ಹೊದಿಕೆನೇ ಹದಿನೆಂಟು." ಆಮೇಲೆ ತೋಳಿನ ಮೇಲಿದ್ದ ಉಡುಪನ್ನು ನನ್ನ ಮೇಜಿನ ಮೇಲೆ ಹಾಸಿದಳು. ತೆಳ್ಳನೆಯ ರೇಷ್ಮೆ. ತೋರುಬೆರಳನ್ನು ಅದರ ಮೇಲೆ ಎಳೆದಳು. ಚರ್ ಅಂತ ಸಣ್ಣ ಸದ್ದು ಬಂತು, ಒಂದು ಎಳೆ ಎದ್ದು ನಿಂತಿತು. ಸೋಪಿಗೆ, ನೀರಿಗೆ, ಕಲ್ಲಿಗೆ ಬೆರಳ ತುದಿ ಸೀಳಿ ಸೀಳಿ ಒರಟಾಗಿತ್ತು. "ಈ ವಾರ ಮೂರು ವಾಪಸು ಕಳಿಸಿದಾರೆ. ಇದು ನಾಲ್ಕನೇದು. ಇನ್ನೊಂದಾದ್ರೆ ಕೆಲಸ ಬೇರೆಯವರಿಗೆ ಕೊಡ್ತಾರಂತೆ."

ನನ್ನ ನಲವತ್ತು ವಾಪಸು ಬಂದಾಗ ನಾನು ಮನೆಗೆಲ್ಲ ಕೇಳುವ ಹಾಗೆ ಬೈದಾಡಿದ್ದೆ. ಅವಳ ಮೂರು ವಾಪಸು ಬಂದದ್ದು ನನಗೆ ಗೊತ್ತೇ ಇರಲಿಲ್ಲ. ಆದರೂ ನನ್ನ ಬಾಯಿಂದ ಬಂದದ್ದು ಸಿಟ್ಟೇ.

"ನಾನು ಕೆಡಿಸಿಲ್ಲ ಅತ್ತಿಗೆ. ಮೊದಲ ದಿನದಿಂದ ನೀವೂ ಅಣ್ಣನೂ ನನ್ನನ್ನ ಕಳ್ಳನ ಹಾಗೆ ನೋಡಿದ್ರಿ. ನಾನು ಕೆಡಿಸಿಲ್ಲ, ಅಷ್ಟಾದರೂ ಒಪ್ಪಿಕೊಳ್ಳಿ."

"ಒಪ್ಪಿಕೊಂಡೆ. ನೀನು ಕೆಡಿಸಿಲ್ಲ, ರಿಪೇರಿ ಮಾಡಿದೆ. ಮಾಡಿ ಹೇಳಲಿಲ್ಲ. ಯಾವುದು ದೊಡ್ಡದು ನೀನೇ ಹೇಳು."

ನಾನು ಮೋಟಾರಿನ ಬೋಲ್ಟಿಗೆ ಕೈ ಹಾಕಿದೆ, ಈಗಲೇ ಬಿಚ್ಚಿ ಕೊಡುತ್ತೇನೆ, ತಗೊಂಡು ಹೋಗಿ ಅಂದೆ. ಅವಳು ಮೂಲೆಯಲ್ಲಿ ಪೇರಿಸಿದ್ದ ಹಿಡಿಗಳನ್ನು ನೋಡಿದಳು. ಒಂದನ್ನು ಎತ್ತಿ ಹೆಬ್ಬೆರಳಿನಿಂದ ಸವರಿದಳು. ಇನ್ನೆಷ್ಟು ಬಾಕಿ, ಯಾವಾಗ ಕೊಡಬೇಕು ಅಂತ ಕೇಳಿದಳು. ನೂರ ಮೂವತ್ತು, ಒಂಬತ್ತು ದಿನ.

"ಮುಗಿಸು. ನಾನೂ ಕೈಕೆಲಸದವಳೇ, ಅರ್ಧಕ್ಕೆ ಕಿತ್ಕೊಳ್ಳಲ್ಲ. ಆದ್ರೆ ಒಂಬತ್ತು ದಿನ ಕಲ್ಲಿನ ಮುಂದೆ ನೀನು. ಎಲ್ಲರ ಬಟ್ಟೆ, ಅಜ್ಜಿ ಹೊದಿಕೆ ಸೇರಿ. ನಿಮ್ಮಣ್ಣಂಗೆ, ಅತ್ತೆಗೆ ಕಾರಣ ಹೇಳೋದು ಬಿಡೋದು ನಿನಗೆ ಬಿಟ್ಟಿದ್ದು. ನಾನು ಹೇಳಲ್ಲ."

ಮಾರನೇ ಬೆಳಿಗ್ಗೆ ಐದೂವರೆಗೆ ನಾನು ಬಚ್ಚಲಿನ ಕಲ್ಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತೆ. ಅಣ್ಣನ ಆಫೀಸಿನ ಪ್ಯಾಂಟು ಒದ್ದೆಯಾದರೆ ಅಣ್ಣನಿಗಿಂತ ಭಾರ. ಹೊದಿಕೆಯನ್ನು ಹಿಂಡುವಾಗ ನಡು ಹಿಡಿದುಕೊಂಡಿತು. ಅತ್ತಿಗೆ ಹಲ್ಲುಜ್ಜುತ್ತಾ ನಿಂತು, ಕಾಲರಿಗೆ ಬ್ರಷ್ ಹಾಕು ಅಂದಳು. ಎರಡನೇ ದಿನಕ್ಕೆ ಬೆರಳ ಗೆಣ್ಣಿನ ಚರ್ಮ ಎದ್ದಿತು, ನಾಲ್ಕನೇ ದಿನಕ್ಕೆ ಮರದ ಹಿಡಿಗಳನ್ನು ಹಿಡಿಯಲು ಬೆರಳಿಗೆ ಬಟ್ಟೆ ಸುತ್ತಿಕೊಳ್ಳಬೇಕಾಯಿತು.

ಮನೆಯಲ್ಲಿ ಅನುಮಾನ ಕಡಿಮೆಯಾಗಲಿಲ್ಲ, ದಿಕ್ಕು ಬದಲಾಯಿಸಿತು. ನಾವಿಬ್ಬರೂ ಜಗಳ ನಿಲ್ಲಿಸಿದ್ದೇ ಎಲ್ಲರಿಗೂ ಕಷ್ಟವಾಯಿತು. ಸೊಸೆ ಮಗನನ್ನು ಅದೇನು ಹೇಳಿ ಹೆದರಿಸಿದ್ದಾಳೋ, ಏನಾದರೂ ಮಂತ್ರಿಸಿ ಇಟ್ಟಿದ್ದಾಳೋ ಅಂತ ಅಮ್ಮ ನನ್ನ ಜೇಬು ತಡಕಿದಳು. ಅಜ್ಜಿ ಮಾತ್ರ ನಿಜದ ಹತ್ತಿರ ಹೋದಳು. "ಇವನು ಏನೋ ನುಂಗಿದಾನೆ. ಅವಳು ಕಕ್ಕಿಸ್ತಿದಾಳೆ" ಅಂದು, ತನ್ನ ಹೊದಿಕೆಗೆ ಇನ್ನೊಂದು ಸಲ ನೀರು ಹಾಯಿಸು, ಸೋಪಿನ ವಾಸನೆ ಹೋಗಿಲ್ಲ ಅಂದಳು. ಅಣ್ಣ ಹೆಂಡತಿಯನ್ನು ಅಡುಗೆಮನೆಯಲ್ಲಿ ನಿಲ್ಲಿಸಿ ಕೇಳಿದ್ದು ನನಗೆ ಬಚ್ಚಲಿಗೆ ಕೇಳಿಸಿತು. ಇವನು ಬಟ್ಟೆ ಒಗೆಯೋದು ಅಂದರೇನು, ನೀನೇನಾದರೂ ದುಡ್ಡು ಕೊಟ್ಟಿದೀಯಾ ಇವನಿಗೆ.

"ಕಾರಣ ಬೇಕಾದ್ರೆ ಒಂದು ಬಕೆಟ್ ತಗೊಂಡು ಹೋಗಿ ಪಕ್ಕದಲ್ಲಿ ಕೂತ್ಕೊಳ್ಳಿ" ಅಂದಳು ಅತ್ತಿಗೆ. "ಒಗೀತಾ ಒಗೀತಾ ಅವನೇ ಹೇಳ್ತಾನೆ."

ಅವನು ಬರಲಿಲ್ಲ. ಬಂದಿದ್ದರೆ ಹೇಳುತ್ತಿದ್ದೆನೋ ಏನೋ. ಬರುವುದಿಲ್ಲ ಅಂತ ಅವಳಿಗೂ ಗೊತ್ತಿತ್ತು, ನನಗೂ ಗೊತ್ತಿತ್ತು.

ಇಪ್ಪತ್ತೊಂಬತ್ತಕ್ಕೇ ಮುನ್ನೂರು ಮುಗಿದವು. ಸ್ಟಾಂಪಿನವನು ಒಂದೊಂದನ್ನೂ ಗಾಜಿನ ಮೇಲಿಟ್ಟು ಅಲುಗಿಸಿ ನೋಡಿ ತೆಗೆದುಕೊಂಡ, ಮುಂದಿನ ತಿಂಗಳಿಗೆ ಮತ್ತೆ ಮುನ್ನೂರು ಅಂದ. ಹೂಂ ಅಂದು ಮನೆಗೆ ಬಂದೆ. ಯಾವ ಮೋಟಾರಿನಲ್ಲಿ ಅಂತ ಅವನು ಕೇಳಲಿಲ್ಲ, ನಾನೂ ಹೇಳಲಿಲ್ಲ.

ಮೋಟಾರನ್ನೂ ಡಬ್ಬಿಯನ್ನೂ ಬಿಚ್ಚಿಕೊಂಡು ಬಚ್ಚಲಿಗೆ ಹೋದೆ. ಅತ್ತಿಗೆ ಮೆಷಿನ್ನಿನ ಮೇಲಿದ್ದ ಬಕೆಟ್ಟುಗಳನ್ನು ಇಳಿಸಿ ಒರೆಸಿಟ್ಟಿದ್ದಳು. ನಾಲ್ಕು ಬೋಲ್ಟು ಬಿಗಿದೆ, ಬೆಲ್ಟು ಏರಿಸಿದೆ, ಮೂರು ತಂತಿ ಸೇರಿಸಿ ಟೇಪು ಸುತ್ತಿದೆ. ನೀರು ತುಂಬಿ ಸ್ವಿಚ್ ಒತ್ತಿದೆ. ನರಳಲಿಲ್ಲ. ನೀರು ಒಂದು ಸಲ ಬಲಕ್ಕೆ ಸುತ್ತಿತು, ನಿಂತಿತು, ಎಡಕ್ಕೆ ಸುತ್ತಿತು. ಅಜ್ಜಿ ಗೋಡೆ ಹಿಡಿದುಕೊಂಡು ಬಂದು ಇಣುಕಿ ನೋಡಿ ಹೋದಳು. ಅತ್ತಿಗೆಯ ಮುಖದಲ್ಲಿ ಖುಷಿ ಕಾಣುತ್ತದೆ ಅಂದುಕೊಂಡಿದ್ದೆ.

ಅವಳು ಸ್ವಿಚ್ ಆರಿಸಿ ಪ್ಲಗ್ ಕಿತ್ತಳು. "ಬಿಚ್ಚು" ಅಂದಳು.

"ಯಾಕೆ? ಓಡ್ತಿದೆಯಲ್ಲ."

"ಓಡ್ತಿದೆ. ಬಿಚ್ಚು. ನಾನು ನೋಡ್ತೀನಿ. ಆಮೇಲೆ ನಾನೇ ಹಾಕ್ತೀನಿ."

ನೀರು ಚೆಲ್ಲಿ, ಬಿಚ್ಚಿ ಪಕ್ಕಕ್ಕೆ ಸರಿದೆ. ಅವಳು ಒದ್ದೆ ನೆಲದ ಮೇಲೆ ಕೂತಳು. ಯಾವ ತಂತಿ ಯಾವುದಕ್ಕೆ ಅಂತ ಎರಡು ಸಲ ಕೇಳಿದಳು, ಎರಡನೇ ಸಲ ನನ್ನ ಉತ್ತರ ಮೊದಲಿನದಕ್ಕೆ ತಾಳೆಯಾಗುತ್ತದಾ ಅಂತ ನೋಡುವವಳ ಹಾಗೆ. ಬೋಲ್ಟು ಓರೆ ಕೂತಾಗ ನಾನು ಕೈ ಹಾಕಲು ಹೋದೆ, ಭುಜದಿಂದ ತಳ್ಳಿದಳು. ಬೆಲ್ಟು ಏರಿಸುವಾಗ ಬೆರಳು ಸಿಕ್ಕಿಕೊಂಡಿತು, ಹಲ್ಲು ಕಚ್ಚಿದಳು, ಬಿಡಲಿಲ್ಲ. ಮುಕ್ಕಾಲು ಗಂಟೆ ಹಿಡಿಯಿತು. ಸ್ವಿಚ್ ಒತ್ತಿದಳು. ಓಡಿತು.

"ಮುಂದಿನ ತಿಂಗಳು ನಿನಗೆ ಬೇಕಾದಾಗ ಬಂದು ಕೇಳು" ಅಂದಳು. "ಕೊಡೋ ದಿನ ನಾನು ಬಿಚ್ಚಿ ಕೊಡ್ತೀನಿ. ವಾಪಸು ಬರಬೇಕಾದ ದಿನ ಬರದಿದ್ರೆ, ನಿನ್ನ ತಟ್ಟೆಯಿಂದ ನಾನೇ ಬಿಚ್ಕೊಂಡು ಬರ್ತೀನಿ."

ನನಗೆ ಎಲ್ಲೋ ಚುಚ್ಚಿತು. "ಅಂದ್ರೆ ನನ್ನ ಮೇಲೆ ಇನ್ನೂ ನಂಬಿಕೆ ಇಲ್ಲ."

ಅವಳು ಎದ್ದು ನಿಂತು, ನನ್ನ ಸ್ಪ್ಯಾನರನ್ನು ಉಟ್ಟ ಬಟ್ಟೆಗೇ ಒರೆಸಿದಳು.

"ನಂಬಿಕೆ ಯಾಕೆ ಬೇಕು? ಇದಿದೆಯಲ್ಲ" ಅಂದು, ಅದನ್ನು ಒಯ್ದು ತನ್ನ ಹೊಲಿಗೆ ಪೆಟ್ಟಿಗೆಯಲ್ಲಿ ಕತ್ತರಿಯ ಪಕ್ಕ ಇಟ್ಟುಕೊಂಡಳು.